ಪ್ರಾಯಕ್ಕೆ ಬಂದ ಮಕ್ಕಳು ಮತ್ತು ತಂದೆತಾಯಿಗಳು
(ಗ್ರಾಮೀಣ ದಂಪತಿಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಎರಡೇ ಸಂಗತಿಗಳು. ಒಂದು ಹೆರಿಗೆ, ಮತ್ತೊಂದು ಶಸ್ತ್ರಚಿಕಿತ್ಸೆ; ಅದೂ ಹೆಂಗಸಿನ ಶಸ್ತ್ರಚಿಕಿತ್ಸೆಯೇ ಹೊರತು ಗಂಡಸಿನದಲ್ಲ. ಗರ್ಭಿಣಿಯಾದಾಗ ಆರೋಗ್ಯ ಸಹಾಯಕಿ ಮನೆಬಾಗಿಲಿಗೆ ಬರುತ್ತಾಳೆ. ಮಗುವಿನ ಚುಚ್ಚುಮದ್ದುಗಳು ಮುಗಿಯುವವರೆಗೆ ತಾಯಿಯೇ ಕೇಂದ್ರಕ್ಕೆ ಹೋಗಿ ಬರುತ್ತಾಳೆ. ಎರಡು ಮಕ್ಕಳಾದ ಮೇಲೆ ಶಸ್ತ್ರಚಿಕಿತ್ಸೆಯೂ ಆಗಿಬಿಟ್ಟರೆ ತಮ್ಮ ಪಾಲಿನ ಕೆಲಸ ಮುಗಿಯಿತೆಂದು ದಂಪತಿಗಳು ನೆಮ್ಮದಿ ತಾಳುತ್ತಾರೆ. ಅದೇ ಮಕ್ಕಳು ಹನ್ನೆರಡು ಹದಿಮೂರು ವಯಸ್ಸಿಗೆ ಕಾಲಿಟ್ಟು, ಮಗನ ದನಿ ಒಡೆದು, ಮಗಳು ಮೈನೆರೆದು, ಇಬ್ಬರೂ ಮಾತಿಗೆ ಮಾತು ಹಿಂದಿರುಗಿಸತೊಡಗಿದಾಗ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಈ ದಿನ ನಾನು ತಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಆ ಕಾಲವನ್ನು ಕುರಿತು.

ನಮ್ಮ ಹಿರಿಯರ ಮಾತಿನಲ್ಲಿ 'ಪ್ರಾಯ' ಎಂಬ ಶಬ್ದವಿತ್ತು, 'ಹರೆಯ' ಎಂಬ ಶಬ್ದವಿತ್ತು. ಆದರೆ 'ಹುಡುಗಿ ಪ್ರಾಯಕ್ಕೆ ಬಂದಳು' ಎಂದರೆ ಮದುವೆಗೆ ಬಂದಳೆಂದೇ ಅರ್ಥವಾಗುತ್ತಿತ್ತು. ಬಾಲ್ಯ ಮುಗಿದ ಮರುದಿನವೇ ಸಂಸಾರ ಆರಂಭವಾಗುತ್ತಿತ್ತು. ನಡುವೆ ಒಂದು ಕಾಲವಿದೆಯೆಂಬ ಭಾವನೆಯೇ ಇರಲಿಲ್ಲ. ಇಂದು ಆರೋಗ್ಯ ಇಲಾಖೆಯವರು ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ಹದಿಹರೆಯವೆಂದು ಕರೆಯುತ್ತಾರೆ. ಈ ಹೆಸರು ಹೊಸದಾದಂತೆ ಈ ಕಾಲವೂ ನಮ್ಮ ಮನೆಗಳಿಗೆ ಹೊಸದು. ಅದು ಹೇಗೆ ಹೊಸದೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

1894ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಬಾಲ್ಯವಿವಾಹವನ್ನು ತಡೆಯಲು ಒಂದು ಕಾನೂನನ್ನು ಮಾಡಿತು. ಆ ಕಾನೂನು ಹೆಣ್ಣುಮಕ್ಕಳಿಗೆ ಗೊತ್ತುಮಾಡಿದ ವಯಸ್ಸು ಎಷ್ಟೆಂದು ಊಹಿಸಬಲ್ಲಿರಾ? ಎಂಟು ವರ್ಷ. ಎಂಟು ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು ಎಂದು ಅದರಲ್ಲಿ ಹೇಳಿತ್ತು. ಇಷ್ಟನ್ನು ಹೇಳುವುದಕ್ಕೂ ಒಂದು ಕಾನೂನು ಬೇಕಾಗಿತ್ತೆಂದರೆ ಆ ಕಾಲದ ಸ್ಥಿತಿ ತಮಗೆ ತಿಳಿಯುತ್ತದೆ. ಇದು ಹಳೆಯ ಮೈಸೂರಿನ ಮಾತು. ಮುಂಬಯಿ ಮತ್ತು ಹೈದರಾಬಾದಿನ ಆಡಳಿತಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಿಗೆ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಮುಂದೆ 1929ರಲ್ಲಿ ಶಾರದಾ ಕಾಯಿದೆಯೆಂದು ಪ್ರಸಿದ್ಧವಾದ ಶಾಸನ ಬಂದಿತು. 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆ ಶಾಸನದಂತೆ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು. ಅದೇ 1930ರಲ್ಲಿ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ನೀಡುವ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತೆಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬಹುದು. ಆಗಿನ್ನೂ ಪ್ರಪಂಚದ ದೊಡ್ಡ ದೊಡ್ಡ ದೇಶಗಳ ಸರ್ಕಾರಗಳೇ ಈ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೆಣ್ಣಿನ ವಯಸ್ಸು 1949ರಲ್ಲಿ ಹದಿನೈದಾಯಿತು. 1978ರಲ್ಲಿ ಹದಿನೆಂಟಾಯಿತು, ಗಂಡಿನದು ಇಪ್ಪತ್ತೊಂದಾಯಿತು.

ಕಾನೂನು ಬಂದಾಕ್ಷಣ ಜನರು ಬದಲಾದರೆಂದು ನಾನು ಹೇಳುವುದಿಲ್ಲ. ಹದಿನಾಲ್ಕು ಎಂದಿದ್ದಾಗ ಹತ್ತಕ್ಕೂ ಹನ್ನೆರಡಕ್ಕೂ ಮದುವೆಗಳು ನಡೆದವು. ಹದಿನೆಂಟು ಎಂದ ಮೇಲೆ ಹದಿನೈದಕ್ಕೆ ನಡೆದವು. ಆದರೂ ಒಂದೊಂದು ತಲೆಮಾರಿಗೆ ಎರಡು ಮೂರು ವರ್ಷಗಳಂತೆ ಮದುವೆ ಮುಂದೆ ಹೋಗುತ್ತ ಬಂದಿದೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ಮುತ್ತಜ್ಜಿ ಮೈನೆರೆಯುವ ಮೊದಲೇ ಮದುವೆಯಾದವಳು. ತನ್ನ ಮದುವೆಯ ದಿನ ಚಪ್ಪರದಲ್ಲಿ ನಿದ್ದೆ ಹೋಗಿದ್ದೆನೆಂದು ನಗುತ್ತ ಹೇಳುವವಳು. ಅವಳ ಸೊಸೆ ಮೈನೆರೆದ ವರ್ಷದೊಳಗೆ, ಹದಿನೈದಕ್ಕೆ, ಗಂಡನ ಮನೆಗೆ ಬಂದವಳು. ಅವಳ ಚೊಚ್ಚಲ ಬಾಣಂತನವೂ ಅವಳ ತಾಯಿಯ ಕಡೆಯ ಬಾಣಂತನವೂ ತವರಿನ ಒಂದೇ ಕೋಣೆಯಲ್ಲಿ ನಡೆದವು. ಆಕೆಯ ಸೊಸೆ, ಎಂದರೆ ಇಲ್ಲಿ ಕುಳಿತಿರುವ ತಮ್ಮಂಥ ತಾಯಿ, ಏಳನೆಯ ತರಗತಿಯನ್ನೋ ಹತ್ತನೆಯದನ್ನೋ ಓದಿ ಹದಿನೆಂಟರ ಸುಮಾರಿಗೆ ಮದುವೆಯಾದವಳು. ಈಗ ತಮ್ಮ ಮಗಳು ಹನ್ನೆರಡಕ್ಕೋ ಹದಿಮೂರಕ್ಕೋ ಮೈನೆರೆದಿದ್ದಾಳೆ, ಎಸ್.ಎಸ್.ಎಲ್.ಸಿ. ಮುಗಿಸಬೇಕು, ಪಿ.ಯು.ಸಿ. ಓದಬೇಕು, ನರ್ಸಿಂಗಿಗೋ ಪದವಿಗೋ ಸೇರಬೇಕೆಂದು ಹೇಳುತ್ತಿದ್ದಾಳೆ. ಇಪ್ಪತ್ತೆರಡಕ್ಕೆ ಅವಳ ಮದುವೆಯೆಂದು ಇಟ್ಟುಕೊಂಡರೂ ಮೈನೆರೆಯುವುದಕ್ಕೂ ಮದುವೆಗೂ ನಡುವೆ ಹತ್ತು ವರ್ಷ!

ಈ ಅಂತರ ಎರಡು ಕಡೆಯಿಂದಲೂ ಅಗಲವಾಗಿದೆಯೆಂಬುದನ್ನು ಗಮನಿಸಬೇಕು. ಮದುವೆ ಮುಂದೆ ಹೋದುದಷ್ಟೇ ಅಲ್ಲ. ಹೊಟ್ಟೆತುಂಬ ಊಟ ದೊರೆಯುವಂತಾದ ಮೇಲೆ ಮೈ ಬೇಗ ಬೆಳೆಯತೊಡಗಿದೆ. ಬರಗಾಲದಲ್ಲಿ ಅಂಬಲಿ ಕುಡಿದು ಬೆಳೆದ ಹುಡುಗಿ ಹದಿನಾಲ್ಕು ಹದಿನೈದಕ್ಕೆ ನೆರೆಯುತ್ತಿದ್ದರೆ ಇಂದಿನವಳು ಅದಕ್ಕೂ ಮೊದಲೇ ನೆರೆಯುತ್ತಾಳೆ. 'ಈಗಿನ ಮಕ್ಕಳು ಬೇಗ ಬಲಿಯುತ್ತವೆ' ಎಂದು ಅಜ್ಜಿಯರು ಆಡುವ ಮಾತು ಕೇವಲ ಆಕ್ಷೇಪಣೆಯಲ್ಲ, ಅದರಲ್ಲಿ ಸತ್ಯಾಂಶವಿದೆ. ಮೈ ಬೇಗ ಬೆಳೆಯುತ್ತದೆ, ಜವಾಬ್ದಾರಿ ತಡವಾಗಿ ಬರುತ್ತದೆ. ಈ ಹತ್ತು ವರ್ಷಗಳನ್ನು ಕಳೆಯುವುದಕ್ಕೆ ಹಿಂದಿನವರು ನಮಗಾಗಿ ಯಾವ ಸಂಪ್ರದಾಯವನ್ನೂ ಬಿಟ್ಟುಹೋಗಿಲ್ಲ, ಏಕೆಂದರೆ ಅವರಿಗೆ ಅದರ ಅಗತ್ಯವೇ ಬೀಳಲಿಲ್ಲ.

ಅವರಿಗಿದ್ದ ಒಂದು ಅನುಕೂಲ ಮಾತ್ರ ನಮಗಿಲ್ಲದಂತಾಗಿದೆ. ತಾಯಿಯಾದವಳು ಮಗಳೊಡನೆ ಮುಟ್ಟಿನ ವಿಷಯವನ್ನೂ ದಾಂಪತ್ಯದ ವಿಷಯವನ್ನೂ ಎಂದೂ ಬಿಡಿಸಿ ಹೇಳಲಿಲ್ಲ, ನಿಜ. ಆದರೆ ತಾಯಿ ಹೇಳದಿದ್ದುದನ್ನು ಮನೆಯಲ್ಲಿ ಮತ್ತಾರೋ ಹೇಳುತ್ತಿದ್ದರು. ಹದಿನೈದು ಇಪ್ಪತ್ತು ಜನರ ಅವಿಭಕ್ತ ಕುಟುಂಬದಲ್ಲಿ ಒಬ್ಬ ಅತ್ತಿಗೆಯೋ ಚಿಕ್ಕಮ್ಮನೋ ಬಾಯಿ ಬಡುಕಿ ಅಜ್ಜಿಯೋ ಇದ್ದೇ ಇರುತ್ತಿದ್ದರು. ರಾಗಿ ಬೀಸುವಾಗ, ಕಳೆ ಕೀಳುವಾಗ, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ತಮಾಷೆಯ ಮಾತಿನಲ್ಲಿಯೇ ಹುಡುಗಿಗೆ ತಿಳಿಯಬೇಕಾದ ಅರ್ಧ ಸಂಗತಿ ತಿಳಿದುಹೋಗುತ್ತಿತ್ತು. ಹುಡುಗನಿಗೂ ಅಷ್ಟೆ, ಅವನಿಗಿಂತ ಎರಡು ವರ್ಷ ದೊಡ್ಡವನಾದ ಸೋದರಮಾವನೊಬ್ಬ ಇರುತ್ತಿದ್ದ. ತಿಳಿದುದೆಲ್ಲ ಸರಿಯಾಗಿತ್ತೆಂದಲ್ಲ. ಎಷ್ಟೋ ತಪ್ಪು ತಿಳಿವಳಿಕೆಗಳೂ ಅದೇ ದಾರಿಯಲ್ಲಿ ಬಂದವು. ಇಂದು ಗಂಡ, ಹೆಂಡತಿ, ಎರಡು ಮಕ್ಕಳು, ಬಹಳವೆಂದರೆ ಒಬ್ಬ ಅತ್ತೆ. ತಾಯಿ ಹಿಂದಿನಂತೆಯೇ ಮೌನವಾಗಿದ್ದಾಳೆ, ಆದರೆ ಮಾತನಾಡುವವರು ಮನೆಯಲ್ಲಿ ಬೇರೆ ಯಾರೂ ಉಳಿದಿಲ್ಲ. ಆ ಸ್ಥಾನಕ್ಕೆ ಈಗ ಮೊಬೈಲು ಬಂದು ಕುಳಿತಿದೆ. 2020ರಲ್ಲಿ ಕೊರೋನಾ ರೋಗದ ಕಾರಣ ಶಾಲೆಗಳು ಮುಚ್ಚಿದಾಗ ಪಾಠ ಕೇಳಲೆಂದು ನಾವೇ ಸಾಲ ಮಾಡಿ ತಂದುಕೊಟ್ಟ ಮೊಬೈಲು ಅದು.

ಆದುದರಿಂದ ತಮ್ಮ ತಾಯಿ ಎಂದೂ ಮಾಡದಿದ್ದ ಕೆಲಸವೊಂದನ್ನು ತಾವು ಮಾಡಬೇಕಾಗಿದೆ. ಮಗಳು ಮೈನೆರೆಯುವ ಮೊದಲೇ, ಅವಳಿಗೆ ಹತ್ತು ಹನ್ನೊಂದು ವರ್ಷವಾದಾಗ, ಇದು ಬರುತ್ತದೆ, ಇದು ರೋಗವಲ್ಲ, ಹೆದರಬೇಡವೆಂದು ತಾಯಿ ಹೇಳಿರಬೇಕು. ಹೀಗೆ ಹೇಳಿಸಿಕೊಳ್ಳದ ಹುಡುಗಿ ಶಾಲೆಯಲ್ಲಿ ಲಂಗದ ಮೇಲೆ ಕಲೆ ಕಂಡಾಗ ತನಗೇನೋ ಗಾಯವಾಗಿದೆಯೆಂದು ಅಳುತ್ತ ಮನೆಗೆ ಓಡಿ ಬರುತ್ತಾಳೆ. ಆರತಿ ಎತ್ತಿ, ಚಿಗಳಿ ತಿನ್ನಿಸಿ, ಹೊಸ ಸೀರೆ ಉಡಿಸುವುದನ್ನು ಬೇಡವೆನ್ನುವುದಿಲ್ಲ. ಎಳ್ಳು ಬೆಲ್ಲ ಕೊಬ್ಬರಿ ಒಳ್ಳೆಯ ಆಹಾರವೇ. ಆದರೆ ಮೂಲೆಯಲ್ಲಿಯೋ ಕೊಟ್ಟಿಗೆಯಲ್ಲಿಯೋ ಊರ ಹೊರಗಿನ ಗುಡಿಸಿಲಿನಲ್ಲಿಯೋ ಅವಳನ್ನು ಕೂರಿಸುವುದರಲ್ಲಿ ಯಾವ ಒಳಿತೂ ಇಲ್ಲ. ಬಟ್ಟೆ ಉಪಯೋಗಿಸುವುದಾದರೆ ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಯಾರಾದರೂ ನೋಡಿಯಾರೆಂದು ಸಂದಿಯಲ್ಲಿ, ಇತರ ಬಟ್ಟೆಗಳ ಅಡಿಯಲ್ಲಿ ಒದ್ದೆಯಾಗಿಯೇ ಹರವುವುದರಿಂದ ತುರಿಕೆ, ಸೋಂಕುಗಳಾಗುತ್ತವೆ. ನಮ್ಮ ಸರ್ಕಾರದ 'ಶುಚಿ' ಯೋಜನೆಯಡಿಯಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ನ್ಯಾಪ್‌ಕಿನ್‌ಗಳನ್ನು ವಿತರಿಸುವುದುಂಟು. ಶಾಲೆಯಲ್ಲಿಯಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ವಿಚಾರಿಸಬಹುದು. ಹದಿನಾರು ತುಂಬಿದರೂ ಮುಟ್ಟಾಗದಿದ್ದರೆ, ಅಥವಾ ಪ್ರತಿ ತಿಂಗಳೂ ಎಂಟು ದಿನ ಮೀರಿ ಸ್ರಾವವಾಗುತ್ತಿದ್ದರೆ, ಹರಕೆ ಹೊರುವ ಮೊದಲು ವೈದ್ಯರಿಗೆ ತೋರಿಸಿರಿ.

ಇನ್ನು ಊಟದ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮನೆಯಲ್ಲಿ ಎಲ್ಲರ ಕಣ್ಣೆದುರಿಗೇ ನಡೆಯುವ ತಪ್ಪು ಇದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರ ರಕ್ತವನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಹುಡುಗಿಯರಲ್ಲಿ ರಕ್ತಹೀನತೆ ಕಂಡುಬಂದಿತು. ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರೆ ಅವರಲ್ಲಿ ಒಬ್ಬಳಿಗೆ! ಈ ವಯಸ್ಸಿನ ಹುಡುಗಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಅಂಶ 12 ಗ್ರಾಮಿಗೆ ಕಡಿಮೆ ಇರಬಾರದು. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ತೂಕಡಿಕೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚುವುದು, ಬಳಪ ಮಣ್ಣು ತಿನ್ನುವ ಆಸೆ, ಇವೆಲ್ಲ ಅದರ ಲಕ್ಷಣಗಳು. ನಾವು ಇದನ್ನು 'ಸೋಮಾರಿತನ' ಎಂದು ಬಯ್ಯುತ್ತೇವೆ. ಮೈ ಬೆಳೆಯುವ ಕಾಲದಲ್ಲಿ ತಿಂಗಳು ತಿಂಗಳೂ ರಕ್ತ ಹೋಗುವವಳು ಮಗಳು. ತಟ್ಟೆಯಲ್ಲಿ ಮೊಟ್ಟೆ ಮಾತ್ರ ಮಗನಿಗೆ. ಎಲ್ಲರಿಗೂ ಬಡಿಸಿ ತಾಯಿ ಮಗಳು ಕಡೆಗೆ ಕುಳಿತಾಗ ಪಾತ್ರೆಯ ತಳದಲ್ಲಿ ತಿಳಿಸಾರು ಉಳಿದಿರುತ್ತದೆ. ದುಬಾರಿ ಟಾನಿಕ್ಕು ಬೇಕಾಗಿಲ್ಲ. ರಾಗಿ, ಹುರುಳಿ, ಮೊಳಕೆ ಬಂದ ಹೆಸರುಕಾಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹೊನಗೊನೆ ಸೊಪ್ಪು, ತಿನ್ನುವವರಾದರೆ ಮೊಟ್ಟೆ ಮಾಂಸ, ಊಟದೊಡನೆ ಒಂದು ಹೋಳು ನಿಂಬೆ ಅಥವಾ ನೆಲ್ಲಿಕಾಯಿ. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ತಿಂದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ತಡೆದು ಕುಡಿಯಲಿ. ಶಾಲೆಯಲ್ಲಿ ವಾರಕ್ಕೊಂದರಂತೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಮಲ ಕಪ್ಪಗಾಗುತ್ತದೆಂದೋ ಹೊಟ್ಟೆ ತೊಳೆಸುತ್ತದೆಂದೋ ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುವುದುಂಟು. ಊಟದ ಮೇಲೆ ನುಂಗಿದರೆ ತೊಳೆಸುವುದು ಕಡಿಮೆಯಾಗುತ್ತದೆ, ಮಲ ಕಪ್ಪಗಾದರೆ ಭಯವಿಲ್ಲವೆಂದು ತಾವೇ ಹೇಳಿ ನುಂಗಿಸಬೇಕು. ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ಬಿಡಬಾರದು.

ಈಗ ತಮಗೆಲ್ಲ ಕಷ್ಟವಾದ ವಿಷಯಕ್ಕೆ ಬರುತ್ತೇನೆ. 'ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ' ಎಂದು ಹೇಳುವ ತಾಯಂದಿರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹುಡುಗಿ ಬಸ್ಸು ಹತ್ತಿ ಹೋಬಳಿಯ ಹೈಸ್ಕೂಲಿಗೆ ಹೋಗುತ್ತಾಳೆ, ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಸ್ಸು ತಪ್ಪಿದರೆ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಯಾರೊಡನೆಯೋ ಪಿಸುಮಾತು ಕೇಳಿಸಿದರೆ ತಂದೆಗೆ ನಿದ್ರೆಯಿಲ್ಲ. ಊರಿನಲ್ಲಿ ಯಾವುದೋ ಒಂದು ಮನೆಯ ಹುಡುಗಿ ಓಡಿಹೋದ ಸುದ್ದಿ ಬಂದರೆ ಆ ಬೇಸಗೆಯಲ್ಲಿ ನಾಲ್ಕು ಹುಡುಗಿಯರ ಓದು ನಿಲ್ಲುತ್ತದೆ, ಮತ್ತು ಗಂಡು ಹುಡುಕುವುದು ಆರಂಭವಾಗುತ್ತದೆ. ಹಿಂದಿನ ತಲೆಮಾರಿನವರು ಹುಡುಗಿಗೆ ಬೇಗ ಮದುವೆ ಮಾಡಿದುದು ವಾಡಿಕೆಯಿಂದ. ನಾವು ಮಾಡುತ್ತಿರುವುದು ಭಯದಿಂದ. ಈ ವ್ಯತ್ಯಾಸವನ್ನು ಯೋಚಿಸಿ ನೋಡಿರಿ.

ಭಯಕ್ಕೆ ಮಾಡಿದ ಮದುವೆಯಿಂದ ಆಗುವುದೇನು? ಹದಿನಾರರ ಹುಡುಗಿ ವರ್ಷ ತುಂಬುವುದರೊಳಗೆ ಬಸುರಿಯಾಗುತ್ತಾಳೆ. ಅವಳ ಸೊಂಟದ ಮೂಳೆಗಳಿನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬೆಳೆಯುತ್ತಿರುವ ತಾಯಿಯೂ ಬೆಳೆಯುತ್ತಿರುವ ಶಿಶುವೂ ಒಂದೇ ಊಟಕ್ಕೆ ಕೈಚಾಚಿದಂತಾಗುತ್ತದೆ. ರಕ್ತದ ಒತ್ತಡ ಏರಿ ಫಿಟ್ಸ್ ಬರುವುದು, ಹೆರಿಗೆ ತಡವಾಗಿ ಕಷ್ಟವಾಗುವುದು, ಶಿಶುವಿನ ತೂಕ ಎರಡೂವರೆ ಕಿಲೋಗೆ ಕಡಿಮೆಯಾಗುವುದು, ಇವೆಲ್ಲ ಚಿಕ್ಕ ವಯಸ್ಸಿನ ಬಸುರಿಯರಲ್ಲಿ ಹೆಚ್ಚು. ನಮ್ಮ ಮುತ್ತಜ್ಜಿಯರು ಹದಿನಾಲ್ಕಕ್ಕೇ ಹೆತ್ತರಲ್ಲವೇ ಎಂದು ಕೇಳುವವರಿದ್ದಾರೆ. ಹೆತ್ತರು; ಹೆತ್ತ ಎಂಟರಲ್ಲಿ ಉಳಿದವು ಎಷ್ಟು, ಬಾಣಂತನದಲ್ಲಿಯೇ ಹೋದವರೆಷ್ಟು ಮಂದಿ ಎಂಬುದನ್ನು ಅವರ ಮನೆಯ ಹಿರಿಯರನ್ನೇ ಕೇಳಲಿ. ನಮ್ಮ ಕಣ್ಣೆದುರಿಗೆ ಇರುವವರು ಬದುಕಿ ಉಳಿದ ಮುತ್ತಜ್ಜಿಯರು ಮಾತ್ರ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ತಿಳಿದಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೆ ಎರಡು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ತಂದೆತಾಯಿಗಳಲ್ಲದೆ ಮದುವೆ ನಡೆಸಿಕೊಟ್ಟ ಪುರೋಹಿತರೂ ಇದಕ್ಕೆ ಒಳಪಡುತ್ತಾರೆ. ಕರ್ನಾಟಕವು ಈ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆಯು ಮದುವೆಯೇ ಅಲ್ಲ, ಆರಂಭದಿಂದಲೇ ಅನೂರ್ಜಿತ. ಅಷ್ಟೇ ಅಲ್ಲದೆ, 2012ರ ಪೋಕ್ಸೋ ಕಾಯಿದೆಯಂತೆ ಹದಿನೆಂಟು ತುಂಬದವಳೊಡನೆ ದೈಹಿಕ ಸಂಬಂಧವಿಡುವುದು ಘೋರ ಅಪರಾಧ. ಗಂಡನೆಂಬ ಕಾರಣಕ್ಕೆ ವಿನಾಯಿತಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಹುಡುಗಿಯನ್ನು ಹೆರಿಗೆಗೆ ಕರೆದುಕೊಂಡು ಬಂದಾಗ ಆಧಾರ್ ಚೀಟಿಯಲ್ಲಿ ವಯಸ್ಸು ಹದಿನೇಳೆಂದು ಕಂಡರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಬಿಟ್ಟರೆ ತಪ್ಪು ಅವರದಾಗುತ್ತದೆ. ಮಗುವಿನ ಮುಖ ನೋಡುವ ಹೊತ್ತಿನಲ್ಲಿ ಅಳಿಯ ಠಾಣೆಯಲ್ಲಿ ಕುಳಿತಿರುತ್ತಾನೆ. ಮರ್ಯಾದೆಗಾಗಿ ಮಾಡಿದ ಮದುವೆಯ ಮರ್ಯಾದೆ ಇದು.

ಈಗಲೂ ನಮ್ಮ ರಾಜ್ಯದಲ್ಲಿ ಇಂಥವು ಕಡಿಮೆಯಾಗಿಲ್ಲವೇ ಎಂದರೆ, ಆಗಿವೆ. 2005–06ರ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರಿದ್ದರು. ಹತ್ತು ವರ್ಷಗಳಲ್ಲಿ ಅದು ಇಪ್ಪತ್ತೊಂದಕ್ಕೆ ಇಳಿಯಿತು. ಬಹಳ ಸಂತೋಷ. ಆದರೆ 2019–20ರಲ್ಲಿ ಮತ್ತೆ ಎಣಿಸಿದಾಗಲೂ ಇಪ್ಪತ್ತೊಂದೇ! ಇಳಿಯುತ್ತಿದ್ದುದು ಅಲ್ಲಿಯೇ ನಿಂತುಬಿಟ್ಟಿದೆ. ಹಿಂದಿನ ವಾಡಿಕೆ ಕರಗಿಹೋದ ಮೇಲೂ ಈ ಭಯ ಉಳಿದಿರುವುದೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ಹುಡುಗಿ ಯಾರೊಡನೆಯೋ ಮಾತನಾಡುತ್ತಿದ್ದಾಳೆಂದು ತಿಳಿದರೆ ಮಾಡುವುದೇನೆಂದು ಕೇಳುತ್ತೀರಿ. ಮೊದಲು, ಹೊಡೆಯಬೇಡಿರಿ. ಹೊಡೆತ ತಿಂದವಳು ನಾಳೆ ನಿಜವಾಗಿ ಅಪಾಯವೊದಗಿದಾಗಲೂ ತಮ್ಮ ಬಳಿಗೆ ಬರುವುದಿಲ್ಲ. ಯಾವನು ಬೆದರಿಸುತ್ತಿದ್ದಾನೋ ಅವನ ಬಳಿಗೇ ಹೋಗುತ್ತಾಳೆ. ಈ ವಯಸ್ಸಿನಲ್ಲಿ ಮನಸ್ಸು ಸೆಳೆಯುವುದು ಕೆಟ್ಟ ನಡತೆಯಲ್ಲ, ಮೈಯ ಬೆಳವಣಿಗೆಯ ಒಂದು ಭಾಗ. ಹದಿನೈದರ ಮನಸ್ಸು ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದನ್ನು ಮದುವೆಯಿಂದ ಕಟ್ಟಿಹಾಕುವ ಅವಸರವನ್ನು ತಾವೂ ಮಾಡಬೇಡಿ, ಅವಳೂ ಮಾಡದಂತೆ ತಿಳಿಹೇಳಿ. ತನ್ನ ಭಾವಚಿತ್ರವನ್ನು ಯಾರಿಗೂ ಕಳುಹಿಸಕೂಡದೆಂದೂ, ಯಾರಾದರೂ ಮೈಮುಟ್ಟಿದರೆ ಅಥವಾ ಬೆದರಿಸಿದರೆ, ಅವನು ಸ್ವಂತ ಚಿಕ್ಕಪ್ಪನೇ ಆಗಿರಲಿ, ಮನೆಯಲ್ಲಿ ಹೇಳಿದರೆ ಬಯ್ಯುವುದಿಲ್ಲವೆಂದೂ ಅವಳಿಗೆ ಗೊತ್ತಿರಬೇಕು. ಬಸ್ಸಿನದೇ ತೊಂದರೆಯಾದರೆ ನಾಲ್ಕು ಮನೆಯ ಹುಡುಗಿಯರು ಒಟ್ಟಿಗೆ ಹೋಗಿ ಬರುವ ಏರ್ಪಾಡು ಮಾಡಬಹುದು, ಹಿಂದುಳಿದ ವರ್ಗದ ಅಥವಾ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಬಹುದು. ಓದು ಬಿಡಿಸುವುದು ಎಲ್ಲ ದಾರಿಗಳೂ ಮುಗಿದ ಮೇಲಿನ ಮಾತು. ನಾವು ಅದನ್ನೇ ಮೊದಲ ದಾರಿಯನ್ನಾಗಿ ಮಾಡಿಕೊಂಡಿದ್ದೇವೆ.

ಗಂಡುಮಕ್ಕಳ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚು. ಹಿಂದೆ ಹುಡುಗ ಹನ್ನೆರಡಕ್ಕೆ ತಂದೆಯ ಹಿಂದೆ ಹೊಲಕ್ಕೆ ನಡೆದನೆಂದರೆ ಮಡಕೆ ಹೊಡೆಯುವುದು, ಕುಂಟೆ ಎಳೆಸುವುದು, ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವುದು, ಎಲ್ಲವನ್ನೂ ತಂದೆಯ ಪಕ್ಕದಲ್ಲಿಯೇ ಕಲಿಯುತ್ತಿದ್ದ. ಬಯ್ಗುಳವೂ ಅಲ್ಲಿಯೇ, ಬುತ್ತಿಯೂ ಅಲ್ಲಿಯೇ. ಈಗ ಬೆಳಿಗ್ಗೆ ಹೋದ ಹುಡುಗ ಕತ್ತಲಾದ ಮೇಲೆ ಬರುತ್ತಾನೆ. ತಂದೆ ಮಗನ ನಡುವಿನ ಮಾತು 'ಫೀಸೆಷ್ಟು?' ಎಂಬಲ್ಲಿಗೆ ನಿಲ್ಲುತ್ತದೆ. ಇನ್ನೊಂದು ವಿಚಿತ್ರವನ್ನು ನೋಡಿರಿ: ಬ್ಯಾಂಕಿನಿಂದ ಬಂದ ಸಂದೇಶವನ್ನು ಓದಿಸುವುದು ಮಗನಿಂದ, ಪಹಣಿ ತೆಗೆಸುವುದು ಮಗನಿಂದ, ಬೆಳೆವಿಮೆ ಬಂತೇ ಎಂದು ಮೊಬೈಲಿನಲ್ಲಿ ನೋಡಿಸುವುದು ಮಗನಿಂದ. ಹಿಂದೆ ಕಿರಿಯರು ಹಿರಿಯರನ್ನು ಕೇಳಿ ತಿಳಿಯುತ್ತಿದ್ದರು. ಈಗ ತಂದೆಯೇ ಮಗನನ್ನು ಕೇಳುತ್ತಾನೆ. ಕೇಳಿದ ಅರ್ಧ ಗಂಟೆಯ ಮೇಲೆ 'ನಿನಗೇನೋ ಗೊತ್ತು, ಕತ್ತೆ' ಎಂದೂ ಅನ್ನುತ್ತಾನೆ! ಹುಡುಗನಿಗೆ ತಾನು ದೊಡ್ಡವನೋ ಚಿಕ್ಕವನೋ ತಿಳಿಯದಂತಾಗುವುದರಲ್ಲಿ ಆಶ್ಚರ್ಯವಿಲ್ಲ.

ತಂದೆಯಾದವನು ಮಗನಿಗೆ ಹೇಳಲೇಬೇಕಾದ ಕೆಲವು ಸಂಗತಿಗಳುಂಟು. ತಾಯಿಯಿಂದ ಅದು ಸಾಧ್ಯವಾಗುವುದಿಲ್ಲ. ನಿದ್ರೆಯಲ್ಲಿ ಧಾತು ಹೋಗುವುದು ಈ ವಯಸ್ಸಿನಲ್ಲಿ ಸ್ವಾಭಾವಿಕ, ಅದರಿಂದ ಯಾವ ನಿಶ್ಶಕ್ತಿಯೂ ಬರುವುದಿಲ್ಲವೆಂದು ಹೇಳುವವರಿಲ್ಲದೆ ಎಷ್ಟೋ ಹುಡುಗರು ಒಳಗೊಳಗೇ ಕೊರಗುತ್ತಾರೆ. ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತನ್ನು ಓದಿ, ಮನೆಯಲ್ಲಿ ಸುಳ್ಳು ಹೇಳಿ ಹಣ ಪಡೆದು, ನಕಲಿ ವೈದ್ಯರ ಕೈಗೆ ಸುರಿಯುತ್ತಾರೆ. ಎರಡು ನಿಮಿಷದ ಮಾತಿನಿಂದ ಇದು ತಪ್ಪುತ್ತಿತ್ತು. ಗುಟ್ಕಾ, ಬೀಡಿ, ಹೆಂಡಗಳ ಮಾತನ್ನು ತಂದೆ ಹೇಳಿದರೆ ಹುಡುಗ ಕೇಳುತ್ತಾನೆಯೇ ಎಂಬುದು ತಂದೆಯ ಜೇಬಿನಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಲೈಸೆನ್ಸ್ ಇಲ್ಲದ ಹುಡುಗನಿಗೆ ಬೈಕು ಕೊಡುವ ತಂದೆಗೂ ಒಂದು ಮಾತು. 2019ರ ಮೋಟಾರು ವಾಹನ ತಿದ್ದುಪಡಿಯಂತೆ ಇಪ್ಪತ್ತೈದು ಸಾವಿರ ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸಜೆಯೂ ತಂದೆಗೇ. ದಂಡ ಕಟ್ಟಿದರೆ ಹಣ ಹೋಗುತ್ತದೆ, ಅಷ್ಟಕ್ಕೇ ಮುಗಿದರೆ ಅದೃಷ್ಟವೆನ್ನಬೇಕು.

ಗಂಡಹೆಂಡಿರ ನಡವಳಿಕೆಯ ವಿಚಾರವನ್ನು ಬಿಟ್ಟು ಈ ಮಾತನ್ನು ಪೂರೈಸುವಂತಿಲ್ಲ. ಹಿಂದಿನ ಕಾಲದಲ್ಲಿ ಆರೇಳು ಮಕ್ಕಳನ್ನು ಹೆರುವುದರಲ್ಲಿ ಸಾಕುವುದರಲ್ಲಿ ಹೆಂಗಸಿನ ನಲವತ್ತು ವರ್ಷ ಕಳೆದುಹೋಗುತ್ತಿತ್ತು; ಹಿರಿಯ ಮಗಳಂತೂ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತೇ ತನ್ನ ಬಾಲ್ಯವನ್ನು ಕಳೆದಳು. ಈಗ ಕರ್ನಾಟಕದ ದಂಪತಿಗಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. 2019–20ರ ಸಮೀಕ್ಷೆಯಂತೆ ಒಬ್ಬ ಹೆಂಗಸಿಗೆ 1.7 ಮಗು. ಎರಡನೆಯ ಮಗು ಹೈಸ್ಕೂಲಿಗೆ ಹೋಗುವಾಗ ತಾಯಿಗೆ ಮೂವತ್ತೇಳೋ ಮೂವತ್ತೆಂಟೋ. ಹಿಂದೆ ಆರು ಮಕ್ಕಳಿಗೆ ಹಂಚಿಹೋಗುತ್ತಿದ್ದ ಅನ್ನವೂ ಕಾಲವೂ ಇಬ್ಬರಿಗೆ ಒದಗುವಂತಾಗಿದೆ. ಅದನ್ನು ಮಕ್ಕಳೊಡನೆ ಕುಳಿತು ಉಣ್ಣುವುದಕ್ಕೆ ಉಪಯೋಗಿಸಬಹುದು. ರಾತ್ರಿಯ ಊಟವನ್ನಾದರೂ ನಾಲ್ವರೂ ಒಟ್ಟಿಗೆ ಕುಳಿತು, ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು, ಮಾಡಿರಿ. ಮೊದಲ ವಾರ ಯಾರೂ ಮಾತನಾಡುವುದಿಲ್ಲ. ಮಗನ ಮುಂದೆ ತಂದೆಯೇ ಎದ್ದು ತನ್ನ ತಟ್ಟೆಯನ್ನು ತೊಳೆದಿಟ್ಟರೆ ಹೆಂಡತಿಯನ್ನು ಹೇಗೆ ಕಾಣಬೇಕೆಂಬ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೆಂಡತಿಗೆ ಕೈಮಾಡುವ ತಂದೆ ಮಗನಿಗೆ ಕಲಿಸುತ್ತಿರುವುದೂ ಪಾಠವೇ, ಮತ್ತು ಮಗಳಿಗೆ ಕಲಿಸುತ್ತಿರುವುದು ಅದಕ್ಕಿಂತ ಘೋರವಾದದ್ದು.

ಹೇಳಲು ಸಂಕೋಚವಾಗುವ ಮಾತುಗಳನ್ನು ಮಕ್ಕಳು ತಾವಾಗಿಯೇ ಕೇಳಿ ತಿಳಿಯುವ ಏರ್ಪಾಡೂ ಉಂಟು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ಹದಿಹರೆಯದವರಿಗಾಗಿ ನಮ್ಮ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳನ್ನು ತೆರೆಯಲಾಗಿದೆ. ಅಲ್ಲಿ ಆಪ್ತಸಮಾಲೋಚಕರೊಡನೆ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಶುಲ್ಕವೂ ಇಲ್ಲ. ಹುಡುಗನೋ ಹುಡುಗಿಯೋ ಊಟ ನಿದ್ರೆ ಬಿಟ್ಟು, ಒಬ್ಬರೇ ಕುಳಿತು, ಬದುಕಿ ಪ್ರಯೋಜನವಿಲ್ಲವೆಂಬ ಮಾತನಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕದೆ 14416 ಎಂಬ ಟೆಲಿ ಮಾನಸ್ ದೂರವಾಣಿಗೆ ಕರೆ ಮಾಡಿರಿ. ಹಗಲು ರಾತ್ರಿ ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಮನೆಯಲ್ಲಿ ಹೊಲಗಳಿಗೆ ಸಿಂಪಡಿಸುವ ಔಷಧಿಯಿದ್ದರೆ ಅದನ್ನು ಅಂದೇ ಬೀಗದೊಳಗೆ ಇಡಿರಿ. ಯಾವುದೇ ಮಗುವಿಗೆ ಮದುವೆ ನಿಶ್ಚಯವಾಗಿರುವುದು ತಿಳಿದುಬಂದರೆ 1098ಕ್ಕೆ ತಿಳಿಸಬಹುದು, ಇಲ್ಲವೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಹೇಳಬಹುದು. ಹೇಳಿದವರ ಹೆಸರು ಹೊರಗೆ ಬರುವುದಿಲ್ಲ.

ಈಗ ಮಧ್ಯಾಹ್ನದ ಊಟದ ವೇಳೆಯಾಯಿತು. ಊಟವಾದ ಮೇಲೆ ತಾಯಂದಿರು ಶಾಲೆಯ ಒಳಕೊಠಡಿಯಲ್ಲಿ ಆರೋಗ್ಯ ಸಹಾಯಕಿಯವರೊಡನೆಯೂ, ಗಂಡಸರು ಇಲ್ಲಿಯೇ ನನ್ನೊಡನೆಯೂ ಕುಳಿತು, ಎಲ್ಲರೆದುರಿಗೆ ಕೇಳಲಾಗದ ಪ್ರಶ್ನೆಗಳನ್ನು ಕೇಳಬಹುದು. ಹೆಸರು ಹೇಳಲು ಇಷ್ಟವಿಲ್ಲದವರು ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಡಬ್ಬಿಯಲ್ಲಿ ಹಾಕಿರಿ.